ಕ್ಲೆಮೆಂಟೆ ಕಾರ್ಡ್ ಕೊಳ್ಳುವ ಮೊದಲು ನಾನು ಮಾಡಿದ್ದು

ನನಗೆ ಬೇಕಿದ್ದದ್ದು ಬೇಸ್‌ಬಾಲ್ ಆಟಗಾರರ ಚಿತ್ರದ ಕಾರ್ಡುಗಳನ್ನು ಅಚ್ಚು ಹಾಕುವ ಅಮೆರಿಕದ ಟಾಪ್ಸ್ ಕಂಪನಿಯ 1955ರ ಸೆಟ್ಟಿನ 164ನೇ ಕಾರ್ಡ್. ಪಿಟ್ಸ್‌ಬರ್ಗ್ ತಂಡದ ಆಟಗಾರ ರಾಬರ್ಟೊ ಕ್ಲೆಮೆಂಟೆಯವರ ರೂಕಿ ಕಾರ್ಡ್, ಅಂದರೆ ಮೊದಲ ವರ್ಷದ ಕಾರ್ಡ್ ಅದು. ಪಿಟ್ಸ್‌ಬರ್ಗ್‌ಗೆ ಬಂದ ಮೇಲೆ ಬೇಸ್‌ಬಾಲ್ ಹಚ್ಚಿಕೊಂಡವನು ನಾನು. ಈ ಊರಲ್ಲಿ ಅವರ ಹೆಸರು ಕೇಳದೆ ಇರೋದು ಸಾಧ್ಯವೇ ಇಲ್ಲ. ಸೇತುವೆಗೂ ಅವರ ಹೆಸರು. ಸರಿಯಾಗಿ 3,000 ಹಿಟ್ (ಚೆಂಡು ಬಾರಿಸಿ ಬೇಸ್ ತಲುಪುವುದು) ಹೊಡೆದ ಆಟಗಾರ. 1972ರ ಡಿಸೆಂಬರ್ 31ರಂದು ನಿಕರಾಗುವಾದ ಭೂಕಂಪದ ಸಂತ್ರಸ್ತರಿಗೆ ಸಾಮಾನು ಒಯ್ಯುತ್ತಿದ್ದಾಗ ವಿಮಾನ ಬಿದ್ದು ತೀರಿಕೊಂಡರು. ಅಂಥವರ ಮೊದಲ ವರ್ಷದ ಕಾರ್ಡ್ ಮನೆಯಲ್ಲಿರಬೇಕು ಅಂತ ಆಸೆ.

ಆದರೆ ಈ ಕಾರ್ಡಿಗೆ ನಕಲು ಜಾಸ್ತಿ. ಹಾಗಾಗಿ ಮೊದಲು ಅದೇ ಸೆಟ್ಟಿನ, ಯಾರೂ ಅಷ್ಟಾಗಿ ಹುಡುಕದ ಆಟಗಾರರ ಕಾರ್ಡುಗಳನ್ನು ಕೆಲವೇ ಡಾಲರಿಗೆ ಕೊಂಡೆ. ದಿನಾ ಕೈಯಲ್ಲಿ ಹಿಡಿದು ನೋಡಿದೆ. ರಟ್ಟು ಎಷ್ಟು ದಪ್ಪ, ಹಿಂಬದಿ ಯಾವ ಬಣ್ಣಕ್ಕೆ ತಿರುಗಿದೆ, ಅಂಚು ಹೇಗೆ ಸವೆದಿದೆ ಎಲ್ಲ ಗೊತ್ತಾಗುತ್ತಾ ಹೋಯಿತು. ಭೂತಗನ್ನಡಿಯಲ್ಲಿ ನೋಡಿದರೆ ಚಿತ್ರವೆಲ್ಲ ಬಣ್ಣದ ಚುಕ್ಕಿಗಳು. ಆದರೆ ಕಪ್ಪು ಅಕ್ಷರಗಳು, ಅಚ್ಚಾದ ಸಹಿ ಮಾತ್ರ ಗಟ್ಟಿ ಕಪ್ಪು. ಅಸಲಿಯ ಫೋಟೊ ತೆಗೆದು ಮತ್ತೆ ಅಚ್ಚು ಹಾಕಿದ್ದಾದರೆ ಆ ಅಕ್ಷರಗಳೂ ಚುಕ್ಕಿ ಚುಕ್ಕಿಯಾಗಿ ಒಡೆದಿರುತ್ತವೆ. ಇದನ್ನು ಓದಿ ಕಲಿಯೋದಕ್ಕಿಂತ ಕಣ್ಣಿಗೆ ರೂಢಿ ಮಾಡಿಸೋದು ಮುಖ್ಯ.

ಕೊನೆಗೆ ಕಾರ್ಡ್ ವ್ಯಾಪಾರಿಗಳು ಸೇರುವ ಒಂದು ಕಾರ್ಡ್ ಶೋನಲ್ಲಿ ಕ್ಲೆಮೆಂಟೆ ಕಾರ್ಡ್ ಸಿಕ್ಕಿತು. ಒಂದು ಮೂಲೆ ಮಡಚಿದ ಗುರುತು, ಉಳಿದ ಮೂಲೆಗಳು ದುಂಡಗೆ ಸವೆದಿದ್ದವು. ಮುಂಬದಿಯ ಬಣ್ಣ ಮಾತ್ರ ತಾಜಾ. ಕವರಿನಿಂದ ತೆಗೆದು ನೋಡಬಹುದಾ ಅಂತ ಕೇಳಿದೆ. ವ್ಯಾಪಾರಿ ಸಂತೋಷವಾಗಿ ಕೊಟ್ಟರು. ಒಪ್ಪದವರ ಹತ್ತಿರ ನಾನಂತೂ ಕೊಳ್ಳುವುದಿಲ್ಲ. ಜೇಬಿನಲ್ಲಿದ್ದ ನನ್ನ ಅಗ್ಗದ ಕಾರ್ಡ್ ಪಕ್ಕಕ್ಕಿಟ್ಟೆ. ಅಳತೆ ಸರಿಯಾಗಿ ಕೂತಿತು: 3.75 ಇಂಚು, 2.625 ಇಂಚು. ಅಂಚು ಚೊಕ್ಕವಾಗಿ ಕಾಣಲೆಂದು ಕತ್ತರಿಸುವವರಿದ್ದಾರೆ, ಅದಕ್ಕೇ ಅಳತೆ ನೋಡಿದ್ದು. ಭೂತಗನ್ನಡಿಯಲ್ಲೂ ಸಹಿ ಗಟ್ಟಿ ಕಪ್ಪಾಗಿಯೇ ಇತ್ತು. ಮಡಚಿದ ಗುರುತು ತೋರಿಸಿ ಸ್ವಲ್ಪ ಚೌಕಾಸಿ ಮಾಡಿದೆ, ನಗದು ಕೊಟ್ಟೆ.

ಗ್ರೇಡಿಂಗಿಗೆ, ಅಂದರೆ ಕಾರ್ಡಿನ ಸ್ಥಿತಿ ನೋಡಿ ಅಂಕ ಕೊಡುವವರಿಗೆ, ಕಳಿಸಿದಾಗ ಹತ್ತಕ್ಕೆ ಎರಡು ಬಂತು. ಮೂಲೆಗಳು ಸವೆದು ಮಡಚಿದ ಗುರುತೂ ಇದ್ದರೆ ಅಂಕ ಕಮ್ಮಿಯೇ. ಮುಂಬದಿ ಮಂಕಾಗಿ ನಾಲ್ಕು ಪಡೆದ ಕಾರ್ಡಿಗಿಂತ ನನಗೆ ಇದೇ ಚೆನ್ನ. ಕಾರ್ಡಿನ ಮುಂಬದಿಯಲ್ಲಿ 'ರಾಬರ್ಟೊ' ಅಂತಲೇ ಇದೆ ನೋಡಿ. 1957ರಿಂದ 1969ರವರೆಗೆ ಟಾಪ್ಸ್ ತನ್ನ ಕಾರ್ಡುಗಳಲ್ಲಿ ಅವರ ಹೆಸರನ್ನು ಇಂಗ್ಲಿಷಿನ 'ಬಾಬ್' ಮಾಡಿಬಿಟ್ಟಿತು. ಅವರಿಗೆ ಆ ಹೆಸರು ಹಿಡಿಸುತ್ತಿರಲಿಲ್ಲ.

ಇಡುವ ವಿಷಯ ಒಂದು ಹೇಳಬೇಕು. ಟಾಪ್ಸ್ ಕಾರ್ಡುಗಳು ಈಗಿನ ಅಳತೆಗೆ ಇಳಿದದ್ದು 1957ರಲ್ಲಿ. ಹಾಗಾಗಿ ಮಾಮೂಲಿ ಆಲ್ಬಮ್ಮಿನ ಜೇಬುಗಳಲ್ಲಿ 1955ರ ಕಾರ್ಡ್ ಹಿಡಿಸುವುದಿಲ್ಲ. ತುರುಕಿದರೆ ಮೂಲೆ ಹಾಳಾಗುತ್ತದೆ. ದೊಡ್ಡ ಜೇಬಿನ ಹಾಳೆಯನ್ನೇ ಕೇಳಿ ತನ್ನಿ.