ಅತ್ತೆಯ ಧಾರಾವಾಹಿ ಮಧ್ಯಾಹ್ನಕ್ಕೆ ಹೋದ ಕಥೆ

ನಮ್ಮನೆ ಇರುವುದು ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಡಾಂಬರು ಬಿಟ್ಟು ಒಂದೂವರೆ ಕಿಲೋಮೀಟರು ಒಳಗೆ. ಪಕ್ಕದ ಮನೆ ಅಂತ ನಾವು ಕರೆಯುವುದು ತೋಟ, ಹಳ್ಳ ಎರಡೂ ದಾಟಿದ ಮೇಲೆ ಸಿಗುವ ಮನೆಯನ್ನು. ಮಳೆಗಾಲದಲ್ಲಿ ಸಂಕ, ಅಂದರೆ ಹಳ್ಳ ದಾಟುವ ಕಾಲುಸೇತುವೆ, ಜಾರುತ್ತದೆಂದು ಅಲ್ಲಿಗೂ ಹೋಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಟಿವಿ ಬಂದ್ ಮಾಡಿ ಅಕ್ಕಪಕ್ಕದವರ ಜೊತೆ ಬೆರೆಯಿರಿ ಎಂದು ಉಪದೇಶ ಮಾಡುವವರಿಗೆಲ್ಲ ಅಕ್ಕಪಕ್ಕ ಅಂತ ಒಂದು ಇರುತ್ತದೆ.

ಶುರುವಾದದ್ದು ಮಜ್ಜಿಗೆಯಿಂದ. ಒಂದು ರಾತ್ರಿ ನಡುಮನೆಯಲ್ಲಿ ಎಲ್ಲರೂ ತಟ್ಟೆ ಹಿಡಿದು ಟಿವಿ ಮುಂದೆ ಕೂತಿದ್ದೆವು. ಮಾವ ಸ್ವಲ್ಪ ಹೊತ್ತಿಗೆ ಕೈ ಊರಿ ಎದ್ದು, ಎಂಜಲು ಕೈಯಲ್ಲೇ ಅಡುಗೆಮನೆಗೆ ಹೋದರು. ಜಾಹೀರಾತು ಬಂದಾಗ ಅತ್ತೆ ಕೇಳಿದರು, "ಎಂತಕ್ಕೆ ಎದ್ದದ್ದು?" ಮಾವ ಮಜ್ಜಿಗೆ ಗಿಂಡಿ ಹಿಡಿದು ಬರುತ್ತಾ, "ಮೂರು ಸಲ ಕೇಳ್ದೆ" ಅಂದರು. ಸಿಟ್ಟಿನಿಂದಲ್ಲ, ಸುಮ್ಮನೆ. ಐದು ಜನ ಇದ್ದ ಕೋಣೆಯಲ್ಲಿ ಒಬ್ಬರಿಗೂ ಕೇಳಿರಲಿಲ್ಲ. ನಾನು ಅವರಿಂದ ಒಂದು ಮೊಳ ದೂರದಲ್ಲಿದ್ದೆ.

ಮರುದಿನದಿಂದ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟಗಳಲ್ಲಿ ಬರೆಯತೊಡಗಿದೆ. ಟಿವಿ ಹಾಕಿದ್ದು ಎಷ್ಟು ಗಂಟೆಗೆ, ಆರಿಸಿದ್ದು ಎಷ್ಟಕ್ಕೆ, ಎದುರಿಗೆ ಯಾರಿದ್ದರು. ಒಂದು ವಾರ, ಯಾರಿಗೂ ಹೇಳದೆ. ದಿನಕ್ಕೆ ಸುಮಾರು ಐದು ಗಂಟೆ, ಭಾನುವಾರ ಎಂಟು. ಅದಕ್ಕಿಂತ ವಿಚಿತ್ರ ಎಂದರೆ ಆ ಐದರಲ್ಲಿ ಹೆಚ್ಚುಕಮ್ಮಿ ಒಂದೂವರೆ ಗಂಟೆ ಕೋಣೆಯಲ್ಲಿ ಯಾರೂ ಇರುತ್ತಿರಲಿಲ್ಲ. ಅದು ತನ್ನ ಪಾಡಿಗೆ ಬಡಬಡಿಸುತ್ತಿತ್ತು. ನಾವು ಅಡುಗೆಮನೆಯಿಂದ, ಕೊಟ್ಟಿಗೆಯಿಂದ ಅದನ್ನೂ ಮೀರಿಸಿ ಕೂಗಿ ಮಾತಾಡುತ್ತಿದ್ದೆವು. ಮನೆಯಲ್ಲಿ ಎಲ್ಲರೂ ಯಾಕೆ ಜಗಳದ ದನಿಯಲ್ಲೇ ಮಾತಾಡುತ್ತೇವೆ ಎಂಬುದು ನನಗೆ ಗೊತ್ತಾದದ್ದು ಆ ಪುಟಗಳಿಂದ.

ಮಗಳಿಗೆ ಆಗ ಮೂರು ವರ್ಷ. ಎರಡರಿಂದ ನಾಲ್ಕು ವರ್ಷದ ಮಕ್ಕಳು ಪರದೆ ಮುಂದೆ ದಿನಕ್ಕೆ 1 ಗಂಟೆ ಮೀರಿ ಕೂರಬಾರದು, ಕಡಿಮೆಯಾದಷ್ಟೂ ಒಳ್ಳೆಯದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ. ನಮ್ಮವಳ ಹೆಸರು ನನ್ನ ಪುಸ್ತಕದ ಪ್ರತಿ ಸಾಲಿನಲ್ಲೂ ಇತ್ತು. ಅವಳಾಗಿ ನೋಡಲು ಹೋದದ್ದಲ್ಲ, ಅಜ್ಜಿಯ ತೊಡೆ ಅಲ್ಲಿತ್ತು.

ಮೊದಲ ಉಪಾಯ ಸುಳ್ಳು. ಜುಲೈ ತಿಂಗಳು. ಬಾಕ್ಸಿನ ಹಿಂದಿನ ಕೇಬಲ್ ಸಡಿಲ ಮಾಡಿ "ಮಳೆಗೆ ಸಿಗ್ನಲ್ ಹೋಯ್ತು" ಅಂದೆ. ನಮ್ಮೂರಲ್ಲಿ ಅದನ್ನು ನಂಬದವರಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಮೇಲೆ ಮಳೆ. ಮನೆ ಮೇಲಿನ ಸಣ್ಣ ಡಿಶ್‌ಗೆ ಸಿಗ್ನಲ್ ಬರುವುದು ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹದಿಂದ, ಕೆಯು ಬ್ಯಾಂಡ್ ಎಂಬ ತರಂಗದಲ್ಲಿ. ಆ ತರಂಗದ ಉದ್ದ ಎರಡೂವರೆ ಸೆಂಟಿಮೀಟರಿನ ಹತ್ತಿರ. ದಪ್ಪ ಹನಿಯ ಮಳೆ ಅದನ್ನು ಹೀರಿಯೂ ಬಿಡುತ್ತದೆ, ಚದುರಿಸಿಯೂ ಬಿಡುತ್ತದೆ. ಅಷ್ಟು ದೂರ ಸಲೀಸಾಗಿ ಬಂದದ್ದು ಕೊನೆಯ ನಾಲ್ಕೈದು ಕಿಲೋಮೀಟರಿನಲ್ಲಿ ಸೋಲುತ್ತದೆ. ಹಿಂದೆ ಕೆಲವರ ಅಂಗಳದಲ್ಲಿ ಇರುತ್ತಿದ್ದ ಕೊಪ್ಪರಿಗೆಯಂಥ ದೊಡ್ಡ ಡಿಶ್‌ಗಳದ್ದು ಸಿ ಬ್ಯಾಂಡ್. ಅದರ ತರಂಗ ಉದ್ದ, ಮಳೆಗೆ ಅಷ್ಟು ಹೆದರುತ್ತಿರಲಿಲ್ಲ.

ಸುಳ್ಳು ಒಂದೂವರೆ ದಿನ ನಡೆಯಿತು. ಎರಡನೇ ದಿನ ಮಧ್ಯಾಹ್ನ ನೋಡುತ್ತೇನೆ, ಗಂಡ ಕಂಬಳಿಕೊಪ್ಪೆ ಹಾಕಿಕೊಂಡು ಸ್ಪ್ಯಾನರ್ ಹಿಡಿದು, ಪಾಚಿಗಟ್ಟಿದ ಹೆಂಚಿನ ಮೇಲೆ ಡಿಶ್ ತಿರುಗಿಸಲು ಹತ್ತಿದ್ದಾರೆ! ಕೆಳಗಿನಿಂದಲೇ ಕಿರುಚಿ ನಿಜ ಹೇಳಿದೆ. ಅವರು ಇಳಿದು ಬಂದು ನಕ್ಕರು. ಅತ್ತೆ ನಗಲಿಲ್ಲ. ಎರಡು ದಿನ ನನ್ನ ಜೊತೆ ಮಾತಿಲ್ಲ.

ಮೂರನೇ ದಿನ, ಹಲಸಿನ ಬೀಜ ಸುಲಿಯುತ್ತಾ ಕೂತಾಗ ಅವರೇ ಅಂದರು: "ನೀನು ಬೆಳಿಗ್ಗೆ ತೋಟಕ್ಕೆ ಹೋದ್ರೆ ಬರೋದು ಊಟದ ಹೊತ್ತಿಗೆ. ಅವನು ಪೇಟೆಗೆ. ಇವರು ಮಲಗ್ತಾರೆ. ನಾನು, ಬೆಕ್ಕು. ಸಂಜೆ ಆ ಧಾರಾವಾಹಿ ಜನ ಒಂದು ದಿನ ತಪ್ಪದೆ ಬರ್ತಾರಲೇ. ಬೇರೆ ಯಾರು ಬರ್ತಾರೆ ನಮ್ಮನೆಗೆ?" ನನ್ನ ಲೆಕ್ಕದ ಪುಸ್ತಕದಲ್ಲಿ ಈ ಕಾಲಂ ಇರಲಿಲ್ಲ.

ಮಾವನಿಗೂ ಟಿವಿ ಮೇಲೆ ದ್ವೇಷವೇನಿಲ್ಲ. 1987-88ರಲ್ಲಿ ದೂರದರ್ಶನದ ರಾಮಾಯಣ ಬರುವಾಗ ಈ ಸುತ್ತಿನಲ್ಲಿ ಇದ್ದದ್ದು ಒಂದೇ ಕಪ್ಪುಬಿಳುಪು ಟಿವಿಯಂತೆ. ಭಾನುವಾರ ಬೆಳಿಗ್ಗೆ ಎರಡು ಮೈಲಿ ನಡೆದು ಹೋಗುತ್ತಿದ್ದರಂತೆ. ಕರೆಂಟಿಲ್ಲದ ದಿನ ಕಾರಿನ ಬ್ಯಾಟರಿ ಕಟ್ಟಿ ಓಡಿಸುತ್ತಿದ್ದರು. ಹಿಂದಿ ಯಾರಿಗೂ ಬಾರದು. ಮಾವನಿಗೆ ತಾಳಮದ್ದಲೆಯ, ಅಂದರೆ ವೇಷ-ಕುಣಿತವಿಲ್ಲದೆ ಕೂತು ಮಾತಿನಲ್ಲೇ ನಡೆಸುವ ಯಕ್ಷಗಾನದ ಹುಚ್ಚು, ಪ್ರಸಂಗವೆಲ್ಲ ಬಾಯಿಪಾಠ. ಪರದೆಯ ಪಕ್ಕ ನಿಂತು ಕನ್ನಡದಲ್ಲಿ ಅರ್ಥ ಹೇಳುವುದು ಇವರ ಕೆಲಸ. "ಅಲ್ಲಿ ರಾವಣ ಹೇಳದ್ದನ್ನೂ ನಾನು ಹೇಳಿದ್ದೇನೆ" ಎನ್ನುತ್ತಾರೆ ಈಗಲೂ.

ಹಾಗಾಗಿ ಟಿವಿ ತೆಗೆಯುವ ಮಾತು ಬಿಟ್ಟೆ. ಜಾಗ ಮತ್ತು ಹೊತ್ತು, ಇವೆರಡನ್ನು ಮಾತ್ರ ಬದಲಿಸುವುದು ಎಂದುಕೊಂಡೆ.

ಜಾಗದಲ್ಲಿ ಮೊದಲು ಎಡವಿದೆ. ಮಹಡಿಗೆ ಸಾಗಿಸಿದರೆ ಅತ್ತೆಯ ಮಂಡಿ ಹತ್ತಲಿಲ್ಲ. ನಾಲ್ಕೇ ದಿನಕ್ಕೆ ಕೆಳಗೆ ತಂದು, ಜಗಲಿ ಪಕ್ಕದ ಸಣ್ಣ ಕೋಣೆಯಲ್ಲಿಟ್ಟೆವು. ಅಲ್ಲಿ ಮೂರು ಕುರ್ಚಿ ಹಿಡಿಯುತ್ತವೆ, ತಟ್ಟೆ ಇಡಲು ಜಾಗವಿಲ್ಲ. ಊಟ ಮತ್ತೆ ಅಡುಗೆಮನೆಯ ನೆಲಕ್ಕೆ ಬಂತು. ನಡುಮನೆಯಲ್ಲಿ ಆವರೆಗೆ ಕುರ್ಚಿಗಳೆಲ್ಲ ಒಂದೇ ಗೋಡೆಗೆ ಮುಖ ಮಾಡಿದ್ದವು. ತಿರುಗಿಸಿ ಇಟ್ಟ ದಿನ ಗಂಡ ಬಾಗಿಲಲ್ಲೇ ನಿಂತು, "ಯಾರಾದ್ರೂ ಹೆಣ್ಣು ನೋಡಕ್ಕೆ ಬರ್ತಿದಾರಾ?" ಅಂದರು.

ಹೊತ್ತಿನದ್ದು ಕಷ್ಟವಾಯಿತು. ಬಾಕ್ಸಿಗೆ ಹಾರ್ಡ್ ಡಿಸ್ಕ್ ಚುಚ್ಚಿದರೆ ರೆಕಾರ್ಡ್ ಆಗುತ್ತದೆ. ಸಂಜೆಯ ನಾಲ್ಕು ಧಾರಾವಾಹಿ ಹಿಡಿದಿಟ್ಟು ಮರುದಿನ ಮಧ್ಯಾಹ್ನ ಎರಡಕ್ಕೆ ಹಾಕಿಕೊಡುತ್ತೇನೆ ಎಂದೆ. "ತಂಗಳನ್ನ" ಅಂದರು ಅತ್ತೆ. ನಿಜವಾದ ಅಡ್ಡಿ ಬೇರೆ. ಸಾಗರದಲ್ಲಿರುವ ಅವರ ತಂಗಿ ರಾತ್ರಿ ಒಂಬತ್ತೂವರೆಗೆ ಫೋನ್ ಮಾಡಿ ಅವತ್ತಿನ ಕಂತಿನ ಪಂಚಾಯ್ತಿ ನಡೆಸುತ್ತಿದ್ದರು. ಕಥೆ ಅಲ್ಲೇ ಒಡೆದುಹೋಗುತ್ತಿತ್ತು. ಕೊನೆಗೆ ನಾನು ತಂಗಿಯನ್ನೇ ಹಿಡಿದೆ. ಅವರಿಗೂ ಮಧ್ಯಾಹ್ನ ಬೇಸರವಂತೆ. ಈಗ ಫೋನ್ ಮೂರೂವರೆಗೆ ಬರುತ್ತದೆ. ಅವರು ಅಲ್ಲಿ ಮರುಪ್ರಸಾರ ನೋಡುತ್ತಾರೆ. ಮರುಪ್ರಸಾರ ಇದೆಯೆಂದು ಮೊದಲೇ ಹೊಳೆದಿದ್ದರೆ ಡಿಸ್ಕಿನ ದುಡ್ಡು ಉಳಿಯುತ್ತಿತ್ತು ಎಂದು ಗಂಡ ಈಗಲೂ ಚುಚ್ಚುತ್ತಾರೆ. ಆದರೆ ಜಾಹೀರಾತು ಓಡಿಸಲು ಡಿಸ್ಕೇ ಬೇಕು. ಗಂಟೆಗೆ 12 ನಿಮಿಷ ಮೀರಬಾರದು ಎಂಬುದು ನಿಯಮ, ಆ 12 ಉಳಿದರೂ ಲಾಭವೇ. ಹಿಂದಿನ ಕಂತಿನ ತುಣುಕು, ಒಂದೇ ಮುಖವನ್ನು ಮೂರು ಸಲ ತೋರಿಸುವ ಢಣಢಣ ಎಲ್ಲ ಹಾರಿಸಿದರೆ ಎರಡು ಗಂಟೆಯದ್ದು ಒಂದೂಕಾಲು ಗಂಟೆಗೆ ಮುಗಿಯುತ್ತದೆ. ಆ ಹೊತ್ತಿಗೆ ಮಗ ಶಾಲೆಯಲ್ಲಿ, ಮಗಳು ನಿದ್ದೆಯಲ್ಲಿ.

ಅಡಿಕೆ ಸುಲಿತದ ದಿನಗಳಲ್ಲಿ ಮಾತ್ರ ರಿಯಾಯಿತಿ. ಆಗ ಟಿವಿ ಸಂಜೆ ಚಪ್ಪರಕ್ಕೇ ಬರುತ್ತದೆ. ಸುಲಿಯುವ ಹೆಂಗಸರಿಗೆ ಕೂಲಿ ಡಬ್ಬದ ಲೆಕ್ಕದಲ್ಲಿ, ಅವರ ಕೈ ಮೆಟ್ಟುಗತ್ತಿಯ ಮೇಲೆ ಕಣ್ಣಿಲ್ಲದೆ ಓಡುತ್ತದೆ. ಮೊದಲೆಲ್ಲ ಸುಲಿಯುವಾಗ ಊರ ಕಥೆಯೆಲ್ಲ ಬರುತ್ತಿತ್ತು ಎಂದು ಮಾವ ಹಲುಬುತ್ತಾರೆ. ಇರಬಹುದು. ಆದರೆ ಸುಲಿಯುವ ಮೆಷಿನ್ನು ಬಂದು ಜನವೇ ಕಡಿಮೆಯಾಗಿದ್ದಾರೆ, ಬಂದ ನಾಲ್ವರು ಹಗಲೆಲ್ಲ ದುಡಿದು ಬಂದವರು. ಅವರ ಧಾರಾವಾಹಿ ಕಿತ್ತುಕೊಳ್ಳುವ ಧೈರ್ಯ ನನಗಿಲ್ಲ.

ಗಂಡನ ರಾತ್ರಿಯ ನ್ಯೂಸ್ ಚರ್ಚೆ ಇನ್ನೂ ನಿಂತಿಲ್ಲ. ಈಗ ಇಯರ್‌ಫೋನ್ ಹಾಕಿಕೊಂಡು ಮೊಬೈಲಿನಲ್ಲಿ ನೋಡುತ್ತಾರೆ. ಅದನ್ನು ಗೆಲುವು ಅನ್ನಬೇಕೋ ಸೋಲು ಅನ್ನಬೇಕೋ ಇನ್ನೂ ತೀರ್ಮಾನಿಸಿಲ್ಲ. ಕಿರುಚಾಟವಂತೂ ಅವರ ಕಿವಿಯಲ್ಲೇ ಇರುತ್ತದೆ.

ನಾನು ಎಣಿಸದೇ ಇದ್ದದ್ದು ಒಂದಿದೆ. ಊಟಕ್ಕೆ ಕೂತಾಗ ಅತ್ತೆಗೆ ಮಧ್ಯಾಹ್ನ ನೋಡಿದ್ದನ್ನು ಯಾರಿಗಾದರೂ ಹೇಳಲೇಬೇಕು. ತಂಗಿಯ ಜೊತೆ ಆಡಿದರೂ ಮುಗಿದಿರುವುದಿಲ್ಲ. ಮಕ್ಕಳಿಗೆ ಹೇಳತೊಡಗಿದರು. ಹಾಲಿಗೆ ವಿಷ ಹಾಕುವವಳು ಇವರ ಬಾಯಲ್ಲಿ ಸಾರಿಗೆ ಉಪ್ಪು ಸುರಿಯುವವಳಾಗಿದ್ದಾಳೆ. ಬೆಂಗಳೂರಿನ ಬಂಗಲೆಗೆ ನಮ್ಮ ಕೊಟ್ಟಿಗೆ, ನಮ್ಮ ಕೆಂದ ದನ ಬಂದಿವೆ. ಮೊನ್ನೆ ಅತ್ತೆಸೊಸೆ ಜಗಳದ ನಡುವೆ ಕಾಡುಕೋಣವೂ ನುಗ್ಗಿತು. ಮಾವ ತುತ್ತು ನಿಲ್ಲಿಸಿ, "ಅದು ಅಲ್ಲಿ ಎಲ್ಲಿಂದ ಬಂತೇ?" ಅಂದರು.

"ನೀವು ಸುಮ್ನಿರಿ, ನೋಡಿದ್ದು ನಾನು" ಅಂದರು ಅತ್ತೆ.

ಮಗ ಕೇಳಿದ: "ನಾಳೆ ಏನಾಗುತ್ತೆ ಅಜ್ಜಿ?"

"ನಂಗೆಂತ ಗೊತ್ತು? ನಾಳೆ ಮಧ್ಯಾಹ್ನ ನೋಡಿ ಹೇಳ್ತೀನಿ. ಮಜ್ಜಿಗೆ ಯಾರಿಗೆ ಬೇಕು?"