ಯಂತ್ರದ ಎಣ್ಣೆಯಿಂದ ಎಷ್ಟು ಇಂಗಾಲ? ರಾಜ್ಯದ ಲೆಕ್ಕ ಹಾಕುವುದು ಹೀಗೆ

ಎರಡು ಯಂತ್ರ ತಗೊಳ್ಳಿ. ಒಂದು ಗೇರ್‌ಬಾಕ್ಸ್. ಸೋರಿಕೆ ಇಲ್ಲದಿದ್ದರೆ, ಹಾಕಿದಷ್ಟೇ ಎಣ್ಣೆ ಬಸಿದಾಗ ಹೆಚ್ಚೂಕಡಿಮೆ ವಾಪಸ್ ಸಿಗುತ್ತದೆ. ಇನ್ನೊಂದು ಜನರೇಟರ್‌ನ ಎಂಜಿನ್. ಕಡ್ಡಿ ಎತ್ತಿ ನೋಡಿದಾಗಲೆಲ್ಲ ಗುರುತು ಕೆಳಗಿಳಿದಿರುತ್ತದೆ, ಟಾಪ್‌ಅಪ್ ಮಾಡುತ್ತಲೇ ಇರಬೇಕು. ಆ ಎಣ್ಣೆ ಎಲ್ಲಿ ಹೋಯ್ತು? ನೆಲದ ಮೇಲೆ ಕಲೆ ಇಲ್ಲ ಅಂದರೆ ಪಿಸ್ಟನ್ ಪಕ್ಕದಲ್ಲಿ ಸುಟ್ಟು ಸೈಲೆನ್ಸರ್‌ನಿಂದ ಹೊರಗೆ ಹೋಗಿದೆ. ನಮ್ಮ ಲೆಕ್ಕವೆಲ್ಲ ಈ ಕಾಣೆಯಾದ ಎಣ್ಣೆಯದು.

ಮೊದಲು ಬೇಕಾದದ್ದು ವರ್ಷದ ಬಳಕೆ. ಎಣ್ಣೆ ಕಂಪನಿಗಳ ಮಾರಾಟದ ಅಂಕಿ ಸುಲಭವಾಗಿ ಸಿಗುತ್ತದೆ, ಆದರೆ ಅದನ್ನು ಹಾಗೇ ನಂಬಬೇಡಿ. ಒಂದು ರಾಜ್ಯದ ಗೋದಾಮಿನಲ್ಲಿ ಬಿಲ್ ಆದ ಡ್ರಮ್ ಪಕ್ಕದ ರಾಜ್ಯದ ಕಾರ್ಖಾನೆಯಲ್ಲಿ ಖಾಲಿಯಾಗಬಹುದು. ದೊಡ್ಡ ಕಾರ್ಖಾನೆಗಳ ಸ್ಟೋರ್ ರಿಜಿಸ್ಟರ್ ಜೊತೆ ತಾಳೆ ನೋಡಿ. ವರ್ಷದ ಆರಂಭದ ದಾಸ್ತಾನು ಕೂಡಿಸಿ, ಕೊನೆಯದನ್ನು ಕಳೆಯಿರಿ. ವಾಹನಗಳಿಗೆ ಹೋದ ಎಣ್ಣೆಯನ್ನು ಬೇರೆ ಮಾಡಿ. ಟ್ರಾನ್ಸ್‌ಫಾರ್ಮರ್ ಎಣ್ಣೆ ಒಂದೇ ಬಿಲ್ಲಿನಲ್ಲಿ ಬಂದಿರುತ್ತದೆ, ಆದರೆ ಅದರ ಕೆಲಸವೇ ಬೇರೆ. ಅದನ್ನೂ ತೆಗೆಯಿರಿ.

ಆಮೇಲೆ ಲೀಟರನ್ನು ತೂಕಕ್ಕೆ ತನ್ನಿ. ದೊಡ್ಡ ಡ್ರಮ್ ಅಂದರೆ ಸುಮಾರು 208 ಲೀಟರ್. ಸಾಂದ್ರತೆ ಲೀಟರಿಗೆ 0.88 ಕಿಲೋ ಅಂತಿಟ್ಟರೆ 183 ಕಿಲೋ ಆಗುತ್ತದೆ.

ಈಗ ಸೂತ್ರ. ಹವಾಮಾನ ಬದಲಾವಣೆ ಕುರಿತ ವಿಶ್ವಸಂಸ್ಥೆಯ ತಜ್ಞರ ಸಮಿತಿ ಐಪಿಸಿಸಿಯ 2006ರ ಮಾರ್ಗಸೂಚಿಯಲ್ಲಿ ಸಿದ್ಧ ಅಂಕಿಗಳಿವೆ. ಸಾವಿರ ಟನ್ ಎಣ್ಣೆಯಲ್ಲಿ 40.2 ಟೆರಾಜೌಲ್ ಶಕ್ತಿ, ಪ್ರತಿ ಟೆರಾಜೌಲ್‌ಗೆ 20 ಟನ್ ಇಂಗಾಲ. ಗುಣಿಸಿದರೆ 804 ಟನ್ ಇಂಗಾಲ. ಇದೆಲ್ಲ ಸುಡುವುದಿಲ್ಲ, ಅಲ್ವಾ? ಬಳಕೆಯ ಹೊತ್ತಿನಲ್ಲಿ ಸುಡುವ ಪಾಲು 0.2 ಅಂತ ಹಿಡಿಯುತ್ತಾರೆ, ಅಂದರೆ ಐದರಲ್ಲಿ ಒಂದು. ಹಾಗಾಗಿ ಸುಡುವ ಇಂಗಾಲ 160.8 ಟನ್. ಇಂಗಾಲದ ತೂಕ 12, ಎರಡು ಆಮ್ಲಜನಕ ಸೇರಿದರೆ 44. ಆದ್ದರಿಂದ 44/12ರಿಂದ ಗುಣಿಸಿ. ಉತ್ತರ ಸುಮಾರು 590 ಟನ್ ಇಂಗಾಲದ ಡೈಆಕ್ಸೈಡ್. ಪಾಲು ಹಾಕುವುದನ್ನು ಮರೆತರೆ ಇದೇ ಲೆಕ್ಕ 2,948 ಟನ್‌ಗೆ ಹಾರುತ್ತದೆ!

ಗ್ರೀಸ್ ಬೇರೆಯಾಗಿ ಸಿಕ್ಕರೆ ಇನ್ನೂ ಒಳ್ಳೆಯದು. ಬೇರಿಂಗ್ ಒಳಗೆ ಅಂಟಿಕೊಂಡು ಕೂರುವ ಗ್ರೀಸ್ ಕಡಿಮೆ ಸುಡುತ್ತದೆ, ಅದರ ಪಾಲು ಬರೀ 0.05. ಅದೇ ಸಾವಿರ ಟನ್‌ನಲ್ಲಿ ನೂರು ಟನ್ ಗ್ರೀಸ್ ಇದ್ದರೆ ಒಟ್ಟು 545 ಟನ್‌ಗೆ ಇಳಿಯುತ್ತದೆ.

ಜಾಸ್ತಿ ಎಡವುವುದು ಇಲ್ಲೇ: ಬಸಿದ ಹಳೇ ಎಣ್ಣೆ. ಅದನ್ನು ಕುಲುಮೆಯಲ್ಲಿ ಇಂಧನವಾಗಿ ಉರಿಸಿದರೆ ಆ ಹೊಗೆ ಇಂಧನದ ಖಾತೆಗೆ ಸೇರುತ್ತದೆ. ಇಲ್ಲೂ ಬರೆದರೆ ಒಂದೇ ಇಂಗಾಲವನ್ನು ಎರಡು ಸಲ ಎಣಿಸಿದ ಹಾಗೆ. ಟೂ ಸ್ಟ್ರೋಕ್ ಎಂಜಿನ್‌ನ ಎಣ್ಣೆಯೂ ಅಷ್ಟೆ. ಅದು ಪೆಟ್ರೋಲ್ ಜೊತೆ ಬೆರೆತು ಪೂರ್ತಿ ಉರಿಯುವುದರಿಂದ ಆ ಖಾತೆಗೇ ಹೋಗಬೇಕು. ಶುದ್ಧ ಮಾಡಿ ಮತ್ತೆ ಮಾರಿದ ಎಣ್ಣೆ ಮಾತ್ರ ಹೊಸದಾಗಿ ಬಳಕೆಗೆ ಬಂದ ಹಾಗೇ ಲೆಕ್ಕ.

ಫಲಿತಾಂಶವನ್ನು ದಶಮಾಂಶದವರೆಗೆ ಬರೆದು ಬೀಗಬೇಡಿ. 0.2 ಅನ್ನುವ ಆ ಪಾಲಿನಲ್ಲೇ 50 ಪ್ರತಿಶತದಷ್ಟು ಅನಿಶ್ಚಿತತೆ ಇದೆ ಅಂತ ಮಾರ್ಗಸೂಚಿಯೇ ಹೇಳುತ್ತದೆ. ಅದಕ್ಕೇ ಒಂದು ವರ್ಷದ ಅಂಕಿಗಿಂತ ವರ್ಷದಿಂದ ವರ್ಷಕ್ಕೆ ಆಗುವ ಏರಿಳಿತ ನೋಡುವುದು ನನಗೆ ಹೆಚ್ಚು ಉಪಯುಕ್ತ ಅನ್ನಿಸುತ್ತದೆ. ಮುಂದೆ ಯಾವಾಗಲಾದರೂ ಗ್ರೀಸ್ ಬೇರೆ ಮಾಡಲು ಶುರು ಮಾಡಿದರೆ ಹಿಂದಿನ ವರ್ಷಗಳನ್ನೂ ಅದೇ ರೀತಿ ತಿದ್ದಿ. ಇಲ್ಲದಿದ್ದರೆ ಕಾರ್ಖಾನೆಯಲ್ಲಿ ಏನೂ ಬದಲಾಗದೆ, ಸುಮ್ನೆ ಕಾಗದದ ಮೇಲೆ ಹೊಗೆ ಇಳಿದಂತೆ ಕಾಣುತ್ತದೆ.