ಪಗ್‌ಗೆ ಜೋಡಿ ಹುಡುಕುವ ಮೊದಲು

"ಮೇಡಂ, ನಮ್ಮ ಚಿನ್ನಿ ಹೀಟ್‌ಗೆ ಬಂದಿದ್ದಾಳೆ. ನಿಮ್ಮ ಬೋಂಡನ ಜತೆ ಕ್ರಾಸಿಂಗ್ ಮಾಡಿಸಬಹುದಾ?"

ಇಂಥ ಫೋನ್ ನನಗೆ ಆಗಾಗ ಬರುತ್ತದೆ. ಮೈಸೂರಿನ ಕುವೆಂಪುನಗರದ ನಮ್ಮ ಬೀದಿಯಲ್ಲಿ ನಮ್ಮದು ಇವತ್ತಿಗೂ 'ಹಚ್ ನಾಯಿ ಮನೆ'; ಹಳೆಯ ಹಚ್ ಮೊಬೈಲ್ ಜಾಹೀರಾತಿನ ಪಗ್‌ನಿಂದ ಬಂದ ಹೆಸರು. ಫೋನ್ ಮಾಡಿದವರಿಗೆ ನಾನು ಹೇಳುವುದು ಒಂದೇ: ಚಿನ್ನಿ ಮಲಗಿದ್ದಾಗ ಅವಳ ಉಸಿರಿನ ಸದ್ದು ರೆಕಾರ್ಡ್ ಮಾಡಿ ವಾಟ್ಸಾಪ್‌ಗೆ ಹಾಕಿ. "ಅಯ್ಯೋ, ನಮ್ಮ ಯಜಮಾನರಿಗಿಂತ ಜೋರಾಗಿ ಗೊರಕೆ ಹೊಡೀತಾಳೆ!" ಅಂತ ನಗುತ್ತಾರೆ. ನನಗೆ ನಗು ಬರುವುದಿಲ್ಲ. ಚಪ್ಪಟೆ ಮುಖ ಮಾಡಲು ಹೋಗಿ ಮೂಳೆಯನ್ನೇನೋ ಕುಗ್ಗಿಸಿದೆವು, ಒಳಗಿನ ಮಾಂಸ ಕುಗ್ಗಲಿಲ್ಲ. ಉದ್ದ ಉಳಿದ ಮೃದು ಅಂಗುಳ ಗಂಟಲಿಗೆ ಅಡ್ಡ ಬಂದು ಮಾಡುವ ಸದ್ದು ಅದು. ನಾಯಿಗೆ ಮೈ ತಣಿಸಿಕೊಳ್ಳಲು ತೇಕುವುದೇ ಮುಖ್ಯ ದಾರಿ. ಉಸಿರಿನ ದಾರಿಯೇ ಕಟ್ಟಿದ್ದರೆ ಏಪ್ರಿಲ್ ಬಿಸಿಲಲ್ಲಿ ಅರ್ಧ ಗಂಟೆಯೂ ಬೇಕಿಲ್ಲ, ಕುಸಿದು ಬೀಳುತ್ತದೆ.

ಹಾಗಾಗಿ ಮೊದಲ ಪರೀಕ್ಷೆ ಉಸಿರಿನದು. ಮೂಗಿನ ಹೊಳ್ಳೆ ನೋಡಿ. ಉದ್ದಿನ ಕಾಳು ಹೋಗುವಷ್ಟು ತೆರೆದಿದ್ದರೆ ಸರಿ, ಜೀರಿಗೆಯಂತೆ ಬರೀ ಸೀಳಾಗಿದ್ದರೆ ಅಲ್ಲಿಗೆ ಬಿಟ್ಟುಬಿಡಿ. ಆಮೇಲೆ ಡಾಕ್ಟರ ಹತ್ತಿರ ಹೋಗಿ. ಕೇಂಬ್ರಿಡ್ಜ್ ವಿಶ್ವವಿದ್ಯಾಲಯ ಮತ್ತು ಬ್ರಿಟನ್ನಿನ ಕೆನಲ್ ಕ್ಲಬ್ ಸೇರಿ 2019ರಲ್ಲಿ ಶುರುಮಾಡಿದ ಕ್ರಮ ಸುಲಭದ್ದು: ಗಂಟಲ ಬಳಿ ಸ್ಟೆತಸ್ಕೋಪ್ ಇಟ್ಟು ಕೇಳುವುದು, ಮೂರು ನಿಮಿಷ ಚುರುಕಾಗಿ ಓಡಿಸುವುದು, ಮತ್ತೆ ಕೇಳುವುದು. ಸದ್ದೇ ಇಲ್ಲದಿದ್ದರೆ ಗ್ರೇಡ್ 0, ಸ್ಟೆತಸ್ಕೋಪ್‌ಗೆ ಮಾತ್ರ ಕೇಳಿಸಿದರೆ 1, ಬರಿ ಕಿವಿಗೇ ಕೇಳಿಸಿ ಚಿಕಿತ್ಸೆಯ ಯೋಚನೆ ಮಾಡಬೇಕಾದಂತಿದ್ದರೆ 2, ಓಡಲಾಗದಂತೆ ಉಸಿರು ಕಟ್ಟಿದರೆ 3. ಮೂರಕ್ಕೆ ಮರಿ ಮಾಡಿಸುವ ಮಾತೇ ಇಲ್ಲ. ಎರಡು ಬಂದ ನಾಯಿಗೆ 0 ಅಥವಾ 1 ಇರುವ ಜೋಡಿ ಮಾತ್ರ. ಒಂದು ವರ್ಷ ತುಂಬುವ ಮೊದಲು ಮಾಡಿಸಿದ ಪರೀಕ್ಷೆಯನ್ನು ನಂಬಬೇಡಿ. ಎರಡು ವರ್ಷಕ್ಕೊಮ್ಮೆ ಮತ್ತೆ ಮಾಡಿಸಬೇಕು. ಆ ಯೋಜನೆಯ ತರಬೇತಿ ಪಡೆದವರು ಹತ್ತಿರದಲ್ಲಿ ಇಲ್ಲದಿದ್ದರೂ ನಿಮ್ಮ ವೆಟ್ ಇದೇ ಕ್ರಮದಲ್ಲಿ ಕೇಳಿ ಅಭಿಪ್ರಾಯ ಹೇಳಬಲ್ಲರು. ಬೆಳಿಗ್ಗೆ ತಂಪಿನಲ್ಲಿ ಕರೆದೊಯ್ಯಿರಿ. ಹೊಳ್ಳೆ ದೊಡ್ಡದು ಮಾಡುವ ಆಪರೇಷನ್ ಆದ ನಾಯಿ ಈಗ ಚೆನ್ನಾಗಿ ಉಸಿರಾಡುತ್ತಿದೆ ಅಂತ ಜೋಡಿ ಮಾಡಬೇಡಿ. ಕತ್ತರಿ ಆ ನಾಯಿಯ ಮೂಗನ್ನು ಸರಿಮಾಡಿತು, ಮರಿಗಳಿಗೆ ಹೋಗುವುದು ಹಳೆಯ ಮೂಗೇ.

ಇನ್ನೊಂದು ವಿಷಯ ನನಗೆ ಹೇಳಲು ಕಷ್ಟ. ನನ್ನ ಮೊದಲ ಪಗ್ ಗುಂಡಿಗೆ ನಾಲ್ಕು ಮರಿ. ಒಂದನ್ನು ನನ್ನ ಜತೆ ಕೆಲಸ ಮಾಡುತ್ತಿದ್ದವರ ಮನೆಗೆ ಕೊಟ್ಟೆ. ಎರಡು ವರ್ಷ ತುಂಬುವ ಹೊತ್ತಿಗೆ ಅದು ಗೋಡೆಗೆ ತಲೆ ಒತ್ತಿ ನಿಲ್ಲಲು ಶುರುಮಾಡಿತು. ಒಂದೇ ಕಡೆ ಸುತ್ತುತ್ತಿತ್ತು. ಆಮೇಲೆ ಫಿಟ್ಸ್. ಮೂರು ವಾರದಲ್ಲಿ ಮುಗಿಯಿತು. ಪಗ್‌ಗಳಿಗೇ ಹೆಚ್ಚಾಗಿ ಬರುವ ಮಿದುಳಿನ ಉರಿಯೂತ ಅದು. ಗುಂಡಿಯನ್ನು ಮಾರಿದವರಿಗೆ ಫೋನ್ ಮಾಡಿದರೆ, "ಯಾವುದೋ ಇನ್ಫೆಕ್ಷನ್ ಇರಬೇಕು ಬಿಡಿ" ಅಂದರು.

ಇದಕ್ಕೆ ಡಿಎನ್‌ಎ ಪರೀಕ್ಷೆ ಇದೆ. ಕೆನ್ನೆಯ ಒಳಭಾಗವನ್ನು ಬ್ರಷ್‌ನಿಂದ ಉಜ್ಜಿ ಮಾದರಿ ತೆಗೆಯುತ್ತಾರೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಲ್ಯಾಬ್ ಮಾಡುತ್ತದೆ. ವರದಿಯಲ್ಲಿ ಎರಡು ಅಕ್ಷರ ಬರುತ್ತವೆ. ಎನ್-ಎನ್ ಅಂದರೆ ಅಪಾಯ ಕಡಿಮೆ. ಎನ್-ಎಸ್ ಅಂದರೆ ಅಪಾಯ ತರುವ ಜೀನ್‌ನ ಒಂದು ಪ್ರತಿ ಇದೆ. ಎಸ್-ಎಸ್ ಅಂದರೆ ಎರಡು ಪ್ರತಿ, ಉಳಿದವಕ್ಕಿಂತ ಸುಮಾರು ಹನ್ನೆರಡು ಪಟ್ಟು ಅಪಾಯ. ಆದರೆ ಎಸ್-ಎಸ್ ಇದ್ದವಕ್ಕೆಲ್ಲ ರೋಗ ಬಂದೇ ಬರುತ್ತದೆ ಅಂತಲ್ಲ, ಗಾಬರಿಯಾಗಬೇಡಿ. ಎರಡು ಎನ್-ಎಸ್ ಸೇರಿದರೆ ಸರಾಸರಿ ನಾಲ್ಕರಲ್ಲಿ ಒಂದು ಮರಿ ಎಸ್-ಎಸ್. ಒಂದು ಕಡೆ ಎನ್-ಎನ್ ಇದ್ದರೆ ಒಂದೂ ಇಲ್ಲ. ಹಾಗಂತ ಎನ್-ಎಸ್ ನಾಯಿಗಳನ್ನೆಲ್ಲ ಪಕ್ಕಕ್ಕಿಟ್ಟರೆ ಉಳಿದ ಕೆಲವರಲ್ಲೇ ಸಂಬಂಧ ಬೆಳೆಸಬೇಕಾಗುತ್ತದೆ. ಆಗ ಇನ್ಯಾವುದೋ ರೋಗ ಎದ್ದು ಕೂರುತ್ತದೆ. ಜೋಡಿ ನೋಡಿ ಮಾಡಿಸಿ, ಅಷ್ಟೇ.

ಈ ರೋಗ ಹೆಚ್ಚಾಗಿ ತಲೆ ಎತ್ತುವುದು ಮೂರು ವರ್ಷದೊಳಗೆ. 2017ರ ಕೇಂದ್ರದ ನಾಯಿ ಸಾಕಣೆ ನಿಯಮದ ಪ್ರಕಾರ ಹೆಣ್ಣಿಗೆ ಕನಿಷ್ಠ 18 ತಿಂಗಳಾಗಿರಬೇಕು. ಕಾನೂನಿಗೆ ಅದು ಸಾಕು, ನನಗೆ ಸಾಲದು. ಮೂರಾಗಲಿ ಅನ್ನುತ್ತೇನೆ. ಮರಿ ಮಾರುವ ಯೋಚನೆ ಇದ್ದರೆ ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಣಿಯೂ ಬೇಕು, ಎಂಟು ವಾರಕ್ಕೆ ಮೊದಲು ಮರಿ ಮಾರುವಂತಿಲ್ಲ.

ಬೆನ್ನಿನ ಎಕ್ಸ್‌ರೇ ತೆಗೆಸಿ. ಪಗ್‌ಗಳಲ್ಲಿ ಕೆಲವು ಬೆನ್ನೆಲುಬಿನ ಮಣಿಗಳು ಮರದ ಬೆಣೆಯ ಹಾಗೆ ಒಂದು ಕಡೆ ಚೂಪಾಗಿರುತ್ತವೆ; ನರ ಒತ್ತಿದರೆ ಹಿಂಗಾಲು ಸೋಲುತ್ತದೆ. ಅದೇ ಹೊತ್ತಿಗೆ ಸೊಂಟದ ಕೀಲೂ ನೋಡಿಸಿಬಿಡಿ. ನಡೆಯುವಾಗ ನಾಲ್ಕು ಹೆಜ್ಜೆ ಕುಂಟಿ ಮತ್ತೆ ಏನೂ ಆಗದ ಹಾಗೆ ಓಡಿದರೆ ಮಂಡಿಚಿಪ್ಪು ಜಾರುತ್ತಿರಬಹುದು. ಕಣ್ಣು ಒಣಗುವುದು, ರೆಪ್ಪೆ ಒಳಗೆ ಮಡಚುವುದು, ಮೂಗಿನ ಪಕ್ಕದಿಂದ ಕರಿಛಾಯೆ ಕಣ್ಣಿನ ಮೇಲೆ ಹಬ್ಬುವುದು, ಇವನ್ನೂ ಕೇಳಿ.

ಗಂಡಿಗೂ ಇಷ್ಟೇ ಪರೀಕ್ಷೆ. ಫೋಟೋ ನೋಡಿ ಒಪ್ಪಬೇಡಿ. ಸಂಜೆ ಹೋಗಿ ಅವನ ಜತೆ ಪಾರ್ಕಿಗೆ ಎರಡು ಸುತ್ತು ಹಾಕಿ. ಕೆಸಿಐ (ಕೆನಲ್ ಕ್ಲಬ್ ಆಫ್ ಇಂಡಿಯಾ) ಪೇಪರ್ ಇದೆ ಅಂದರೆ ಅದು ವಂಶಾವಳಿ, ಆರೋಗ್ಯದ ಸರ್ಟಿಫಿಕೇಟ್ ಅಲ್ಲ. ಪೇಪರ್‌ನ ನಿಜವಾದ ಉಪಯೋಗ ಬೇರೆ: ಎರಡನ್ನೂ ಪಕ್ಕಪಕ್ಕ ಇಟ್ಟು ಒಂದೇ ತಾತನ ಹೆಸರು ಎರಡೂ ಕಡೆ ಇದೆಯಾ ನೋಡಿ. ಶೋನಲ್ಲಿ ಗೆದ್ದ ಒಂದು ಗಂಡು ಊರಿಗೆಲ್ಲ ಅಳಿಯ. ಒಂದೇ ಅಪ್ಪನ ಮಕ್ಕಳು ಜೋಡಿಯಾದರೆ ಮರಿಗಳಿಗೆ ಅಪ್ಪ-ಅಮ್ಮ ಇಬ್ಬರಿಂದಲೂ ಒಂದೇ ಜೀನ್ ಬರುವ ಸಾಧ್ಯತೆ 12.5 ಶೇಕಡಾ, ಅಣ್ಣ-ತಂಗಿಯಾದರೆ 25. ಮೇಟಿಂಗ್‌ಗೆ ಮೊದಲು ಎರಡಕ್ಕೂ ಬ್ರುಸೆಲ್ಲಾ (ಗರ್ಭ ಕಳೆಯುವ ಸೋಂಕು) ರಕ್ತ ಪರೀಕ್ಷೆ ಮಾಡಿಸುವುದನ್ನು ಮರೆಯಬೇಡಿ. ಅದು ಮನುಷ್ಯರಿಗೂ ಅಂಟುತ್ತದೆ.

ತಿಂಗಳ ಲೆಕ್ಕ ಹಾಕಿ. ಬಸುರಿನ ಅವಧಿ ಸುಮಾರು 63 ದಿನ. ಫೆಬ್ರವರಿಯಲ್ಲಿ ಜೋಡಿ ಮಾಡಿದರೆ ಹೆರಿಗೆ ಏಪ್ರಿಲ್ ಸೆಕೆಯಲ್ಲಿ. ನಾನು ಕಾಯುವುದು ಮಳೆಗಾಲದ ಹೀಟ್‌ಗೆ. 55ನೇ ದಿನದ ಆಸುಪಾಸು ಎಕ್ಸ್‌ರೇ ತೆಗೆಸಿದರೆ ಎಷ್ಟು ತಲೆ ಅಂತ ಗೊತ್ತಾಗುತ್ತದೆ. ಆ ಗುಂಡು ತಲೆ ಹೊರಬರದೆ ಸಿಸೇರಿಯನ್ ಆಗುವುದು ಸಾಮಾನ್ಯ, ಹಾಗಾಗಿ ರಾತ್ರಿ ಎರಡಕ್ಕೂ ಬಾಗಿಲು ತೆಗೆಯುವ ವೆಟ್ ಯಾರು ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಚಪ್ಪಟೆ ಬಾಯಿಯ ತಾಯಿಗೆ ಮರಿಯ ಚೀಲ ಹರಿಯಲು ಎಷ್ಟೋ ಸಲ ಆಗುವುದಿಲ್ಲ; ನಿಮ್ಮ ಕೈಯೇ ಹರಿಯಬೇಕು. ಹುಟ್ಟಿದ ಪ್ರತಿ ಮರಿಯ ಬಾಯಿ ತೆರೆದು ಅಂಗುಳ ಸೀಳಿದೆಯಾ ನೋಡಿ. ದಿನಾ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ.

"ಒಂದು ಸಲ ಮರಿ ಹಾಕಿದರೆ ಹೆಣ್ಣಿನ ಆರೋಗ್ಯಕ್ಕೆ ಒಳ್ಳೇದಂತೆ" ಅನ್ನುವವರಿಗೆ: ಅದು ಸುಳ್ಳು.

ನನ್ನ ಹತ್ತಿರ ಒಂದು ನೂರು ಪುಟದ ನೋಟ್‌ಬುಕ್ ಇದೆ. ಕೊಟ್ಟ ಪ್ರತಿ ಮರಿಗೆ ಒಂದು ಪುಟ. ವರ್ಷಕ್ಕೊಮ್ಮೆ ನಾನೇ ಫೋನ್ ಮಾಡುತ್ತೇನೆ. ಕಾಯಿಲೆ ಬಂದಿದ್ದರೆ ಗಂಡಿನ ಮನೆಯವರಿಗೂ, ಅದರ ಒಡಹುಟ್ಟುಗಳ ಮನೆಯವರಿಗೂ ಹೇಳುತ್ತೇನೆ. ಇದರಿಂದ ಎರಡು ಮನೆಯ ಸ್ನೇಹ ಹೋಯಿತು. ಗುಂಡಿಯ ವಿಷಯದಲ್ಲಿ ಯಾರಾದರೂ ನನಗೂ ಹೀಗೆ ಹೇಳಿದ್ದರೆ ಅನ್ನಿಸುತ್ತದೆ.

ಅಂದಹಾಗೆ ಬೋಂಡನ ವಿಷಯ. ನೋಡಲು ರಾಜಕುಮಾರ, ಏಳೂವರೆ ಕೆಜಿ, ಡಿಎನ್‌ಎ ಎನ್-ಎನ್. ಮೂರು ನಿಮಿಷ ಓಡಿಸಿದ ಮೇಲೆ ಡಾಕ್ಟ್ರು ಸ್ಟೆತಸ್ಕೋಪ್ ಕಿವಿಗೆ ಹಾಕಿಕೊಳ್ಳಲೇ ಇಲ್ಲ. ಸದ್ದು ರಿಸೆಪ್ಷನ್‌ವರೆಗೂ ಕೇಳುತ್ತಿತ್ತು. ಹೋದ ವರ್ಷವೇ ಅವನಿಗೆ ಸಂತಾನಹರಣ ಆಪರೇಷನ್ ಮಾಡಿಸಿದೆ. ಚಿನ್ನಿಯ ಮನೆಯವರಿಗೂ ಅದನ್ನೇ ಹೇಳಿದೆ.